ಸುಲ್ತಾನನ ಬಿಡುಗಡೆ

ನಾಯಿಯನ್ನು ಸರಪಳಿಯಲ್ಲಿ ಕಟ್ಟಿ ಸಾಕಬಾರದೆಂಬ ಹೊಸ ಕಾನೂನಿನ ಸುದ್ದಿಯನ್ನು ವಿಂಕೊ ರೇಡಿಯೋದಲ್ಲಿ ಕೇಳಿದ; ಕೇಳಿ, ಹಸುಗಳಿಗೆ ಹುಲ್ಲು ಹಾಕಲು ಹೋದ. ಸ್ಲೊವೇನಿಯಾದ ಆ ಬೆಟ್ಟದ ಊರಿಗೆ ಹತ್ತಿ ಬರುವಷ್ಟರಲ್ಲಿ ಕಾನೂನುಗಳಿಗೆ ಸಾಮಾನ್ಯವಾಗಿ ಏದುಸಿರು ಬಂದು, ದಾರಿಯಲ್ಲೇ ಎಲ್ಲೋ ಕೂತುಬಿಡುತ್ತಿದ್ದವು. ಈ ಸಲ ಮಾತ್ರ ಪಕ್ಕದ ಮನೆಯ ಜುಸ್ತಿ ಫೋನು ಮಾಡಿ ಕಾನೂನನ್ನು ಕರೆಸಿಕೊಂಡಳು.

"ನಿನ್ನ ನಾಯಿ ಬೊಗಳಿ ಬೊಗಳಿ ನನ್ನ ಸಂಜೆಗಳನ್ನೆಲ್ಲ ತಿಂದ್ಹಾಕಿದೆ ಕಣೋ," ಎಂದು ಅವಳು ಬೆಳಿಗ್ಗೆಯೇ ತಂತಿಬೇಲಿಯಾಚೆಯಿಂದ ಕೂಗಿದಳು. "ದೂರು ಕೊಟ್ಟಿದೀನಿ. ಮಧ್ಯಾಹ್ನ ಪ್ರಾಣಿ ಇಲಾಖೆ ಇನ್‌ಸ್ಪೆಕ್ಟರಮ್ಮ ಬರ್ತಾಳೆ. ಸರಪಳಿ ಕಂಡ್ರೆ ನಾಯೀನೇ ಎತ್ಕೊಂಡು ಹೋಗ್ತಾರಂತೆ!"

ವಿಂಕೊ ನಾಯಿ ಕಟ್ಟಿದ್ದ ಪ್ಲಮ್ ಮರದ ಕಡೆಗೆ ಓಡಿದ. ಅಂಗೈಯಗಲದ ಮರಿಯಾಗಿದ್ದಾಗ ಅಂಗಿಯೊಳಗೆ ಇಟ್ಟುಕೊಂಡು ತಂದ ನಾಯಿ ಅದು, ಸುಲ್ತಾನ್. ಎರಡು ಹೊತ್ತೂ ಬಿಸಿ ಗಂಜಿಯ ಬೋಗುಣಿ ಹಿಡಿದು ತಾನೇ ಅದರ ಬಳಿ ಹೋಗುತ್ತಿದ್ದ. ಹಿಮ ಬಿದ್ದರೆ ಅದರ ಗೂಡಿಗೆ ಮೊದಲು ಹುಲ್ಲು ತುರುಕಿ ಆಮೇಲೆ ತನ್ನ ಒಲೆ ಹೊತ್ತಿಸುತ್ತಿದ್ದ. ಸರಪಳಿಯ ವಿಷಯ ಅವನಿಗೆ ತೋಚಿರಲೇ ಇಲ್ಲ. ಅಪ್ಪನ ನಾಯಿಗೂ ಸರಪಳಿ ಇತ್ತು, ತಾತನ ನಾಯಿಗೂ ಇತ್ತು.

ತುಕ್ಕು ಹಿಡಿದ ಕೊಂಡಿಯನ್ನು ಇಕ್ಕಳದಿಂದ ಬಿಡಿಸಿದ. ಸುಲ್ತಾನ್ ಕೊರಳು ಕೊಡವಿತು. ಪ್ಲಮ್ ಮರದ ಸುತ್ತ ಸರಪಳಿ ಎಟುಕುವಷ್ಟೂ ನೆಲ ಸವೆದು, ಸಾರಿಸಿದ ಕಣದಂತೆ ಬೋಳಾಗಿತ್ತು. ನಾಯಿ ಆ ಬೋಳು ನೆಲದ ಅಂಚಿನವರೆಗೂ ಗಂಭೀರವಾಗಿ ನಡೆದು ಹೋಗಿ, ಹುಲ್ಲು ಶುರುವಾಗುವಲ್ಲಿ ಕೂತುಬಿಟ್ಟಿತು.

ಹುಲ್ಲಿನ ಮೇಲೆ ಸಾಸೇಜ್ ಇಟ್ಟ. ಸುಲ್ತಾನ್ ಕೊರಳು ಚಾಚಿ ನೋಡಿ ಜೊಲ್ಲು ನುಂಗಿಕೊಂಡಿತೇ ಹೊರತು ಕಾಲು ಎತ್ತಲಿಲ್ಲ.

ಊರಿನ ಅಗ್ನಿಶಾಮಕ ದಳದಲ್ಲಿ ಬೇರೆಯವರ ಮನೆಯ ಬೆಂಕಿ ಆರಿಸಿಯೇ ಮುದುಕನಾದ ಪೊಲ್ದೆ ಅಷ್ಟರಲ್ಲಿ ವಾಸನೆ ಹಿಡಿದು ಬಂದ. "ಪಾಸ್‌ಪೋರ್ಟ್ ಇಲ್ದೆ ಗಡೀಲಿ ಕೂತ ಹಾಗೆ ಕೂತಿದೆಯಲ್ಲಯ್ಯಾ ನಿನ್ನ ನಾಯಿ! ಬೈಬೇಡ ಬಿಡು. ನಮ್ಮ ಹಳೇ ದೇಶ ಯುಗೊಸ್ಲಾವಿಯಾ ಮುಗಿದ್ಮೇಲೆ ನಾವೂ ಎಷ್ಟೋ ದಿನ ಹಿಂಗೇ ಕೂತಿದ್ವಿ. ನೀನು ದಾಟಿ ತೋರ್ಸು, ಕಲಿಯುತ್ತೆ."

ವಿಂಕೊ ಅಂಬೆಗಾಲಿಟ್ಟು ಬೋಳು ನೆಲದಿಂದ ಹುಲ್ಲಿಗೆ, ಹುಲ್ಲಿನಿಂದ ಬೋಳು ನೆಲಕ್ಕೆ ದಾಟಿ ತೋರಿಸಿದ. ಸುಲ್ತಾನ್ ತಲೆ ಓರೆ ಮಾಡಿಕೊಂಡು, ಯಜಮಾನನಿಗೆ ಏನೋ ಕಾಯಿಲೆ ಎಂಬಂತೆ ನೋಡಿತು.

"ಪಾಠ ಸಾಲ್ದು," ಎಂದು ಪೊಲ್ದೆ ಅದರ ಕೊರಳಿಗೆ ಹಗ್ಗ ಬಿಗಿದು ಜಗ್ಗತೊಡಗಿದ.

ಇನ್‌ಸ್ಪೆಕ್ಟರಮ್ಮನ ಕಾರು ಬಂದು ನಿಂತದ್ದು ಆಗಲೇ.

ರಬ್ಬರ್ ಬೂಟು ತೊಟ್ಟ ಚಿಕ್ಕ ವಯಸ್ಸಿನ ಹೆಂಗಸು. ನಾಲ್ಕು ಕಾಲಲ್ಲಿದ್ದ ವಿಂಕೊನನ್ನೂ ಹಗ್ಗ ಹಿಡಿದ ಪೊಲ್ದೆಯನ್ನೂ ನೋಡಿ, "ಇಬ್ಬರಲ್ಲಿ ಕಟ್ಟಬೇಕಾದೋರು ಯಾರು ಅಂತ ಆಮೇಲೆ ನೋಡೋಣ," ಎಂದು ಹಗ್ಗ ಬಿಚ್ಚಿದಳು. ಆಮೇಲೆ ಬಕೆಟ್ಟು ಬೋರಲು ಹಾಕಿ ಕೂತು, ಮೆತ್ತಗೆ ಹೇಳಿದಳು: "ಕರೀರಿ. ನಿಮ್ಮ ಹತ್ರ ಬಂದ್ರೆ ಸರಿ. ಬರದಿದ್ರೆ, ಹೆದರಿಸಿ ಸಾಕಿದೀರಿ ಅಂತ ಕರ್ಕೊಂಡು ಹೋಗ್ಬೇಕಾಗುತ್ತೆ."

ವಿಂಕೊ ಬಾಯಿ ತೆರೆದ. ಇಷ್ಟು ವರ್ಷಗಳಲ್ಲಿ ತಾನು ಈ ನಾಯಿಯನ್ನು ಒಂದು ಸಲವೂ ಕರೆದಿಲ್ಲವೆಂದು ಅವನಿಗೆ ಆಗ ಹೊಳೆಯಿತು. ಕರೆದು ಮಾಡುವುದೇನು? ಅದು ಎಲ್ಲಿಗೆ ತಾನೇ ಬರಬಹುದಿತ್ತು?

"ಬಾ... ಸುಲ್ತಾನ್, ಬಾ ಮಗನೇ."

ಸುಲ್ತಾನ್ ಸಂತೋಷದಿಂದ ಬಾಲ ಆಡಿಸಿತು. ಎಂದಿನಂತೆ ಅವನೇ ಬರುತ್ತಾನೆಂದು ಕೂತಲ್ಲೇ ಕಾಯಿತು. ಅವನು ಬರದಿದ್ದಾಗ ಗಲಿಬಿಲಿಗೊಂಡು ಬೊಗಳಿತು.

ಕಿಟಕಿಯಲ್ಲಿ ಕಣ್ಣು ನೆಟ್ಟು ನಿಂತಿದ್ದ ಜುಸ್ತಿಯ ಬಾಯಿಂದ ಅಭ್ಯಾಸಬಲದಿಂದ ಹೊರಟಿತು: "ಸುಲ್ತಾನ್! ಬಾಯ್ಮುಚ್ಚೋ ದರಿದ್ರದವನೇ!"

ನಾಯಿಯ ಕಿವಿ ನಿಮಿರಿತು. ಒಂದೇ ನೆಗೆತಕ್ಕೆ ಹುಲ್ಲು ದಾಟಿ, ಸಾಸೇಜಿನತ್ತ ತಿರುಗಿಯೂ ನೋಡದೆ, ಜುಸ್ತಿಯ ತೆರೆದ ಗೇಟಿನಲ್ಲಿ ನುಗ್ಗಿ, ಕಿಟಕಿಯ ಕಟ್ಟೆಯ ಮೇಲೆ ಮುಂಗಾಲಿಟ್ಟು ಬಾಯಿ ಕಳೆದು ನಿಂತಿತು. ಜುಸ್ತಿಯ ಕೈಯಲ್ಲಿ ಆಗಲೇ ಒಂದು ಮೂಳೆ ಇತ್ತು.

"ಇದೇನೇ ಜುಸ್ತಿ?" ಎಂದ ಪೊಲ್ದೆ.

"ಬೊಗಳೋದು ನಿಲ್ಲಿಸ್ಲಿ ಅಂತ ಎಸೀತಿದ್ದೆ... ಬೊಗಳಿದಾಗೆಲ್ಲ."

"ಎಸೀತಿದ್ದೆ ಅಂತಾನೇ ಬೊಗಳ್ತಿತ್ತು ಕಣೇ!"

ಇನ್‌ಸ್ಪೆಕ್ಟರಮ್ಮ ಎದ್ದು ಬೂಟಿನ ಮಣ್ಣು ಕೊಡವಿದಳು. "ಕರೆದವರ ಹತ್ರ ಹೋಗುತ್ತೆ, ಹೆದರಿಕೆ ಏನಿಲ್ಲ. ಆ ಅಂಗಳಕ್ಕೆ ಸುತ್ತ ಬೇಲೀನೂ ಇದೆ, ನಿಮ್ಮದಕ್ಕಿಲ್ಲ. ನೀವು ಬೇಲಿ ಹಾಕೋವರೆಗೂ ಅಲ್ಲೇ ಇರ್ಲಿ."

"ಅಯ್ಯೋ, ನನಗ್ಯಾಕಮ್ಮ ಅದು!" ಎಂದು ಜುಸ್ತಿ ಕಾರು ತಿರುವು ದಾಟುವವರೆಗೂ ಕೂಗಿದಳು.

ವಿಂಕೊ ಉಳಿದ ಮಧ್ಯಾಹ್ನವೆಲ್ಲ ಬೇಲಿಗೆ ಗೂಟ ಹೊಡೆದ. ಸಂಜೆ ಗಂಜಿ ಕಾಯಿಸಿ, ಬೋಗುಣಿಗೆ ಸುರಿದುಕೊಂಡು ಹೊರಟ. ದಾರಿಯುದ್ದಕ್ಕೂ "ಬಾ, ಬಾ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ದನಿ ಹದ ಮಾಡಿಕೊಂಡ.

ಗೇಟು ಕಿರುಗುಟ್ಟಿತು. ಜುಸ್ತಿಯ ಮೆಟ್ಟಿಲ ಮೇಲೆ ಮಲಗಿದ್ದ ಸುಲ್ತಾನ್ ಎದ್ದು, ಬಾಲವನ್ನೂ ಆಡಿಸುತ್ತ, ಅವನನ್ನು ನೋಡಿ ಜೋರಾಗಿ ಬೊಗಳಿತು. ಕಿಟಕಿ ತೆರೆಯಿತು. ಮೂಳೆಯೊಂದು ಬಿತ್ತು.

"ಅಲ್ಲೇ ನಿಂತ್ಕೋ ವಿಂಕೊ," ಎಂದಳು ಜುಸ್ತಿ. "ಹೊರಗಿನೋರು ಒಳಗೆ ಬಂದ್ರೆ ನಮ್ಮ ನಾಯಿಗೆ ಆಗಲ್ಲ."