ಹನ್ನೊಂದರಲ್ಲಿ ಎರಡು ಹುಲ್ಲು

ಮಣ್ಣು ತುಂಬಿದ ಕಪ್ಪು ಪ್ಲಾಸ್ಟಿಕ್ ಚೀಲಗಳು ಮುನ್ನೂರು. ಮೊಳಕೆ ಕಂಡದ್ದು ಹನ್ನೊಂದರಲ್ಲಿ. ಹನ್ನೊಂದೂ ಕೊನೆಯ ಸಾಲಿನಲ್ಲೇ ಇದ್ದವು. ಅವುಗಳಲ್ಲಿ ಎರಡು ಹುಲ್ಲು.

ಹುಲ್ಲೆಂದು ನನಗೆ ಗೊತ್ತಿತ್ತು. ಅರಣ್ಯಶಾಸ್ತ್ರದಲ್ಲಿ ಎರಡು ಪದವಿ ಪಡೆದವಳಿಗೆ ಜಾಲಿಯ ಮೊಳಕೆ ಯಾವುದು, ಗರಿಕೆ ಯಾವುದು ಎನ್ನುವಷ್ಟಾದರೂ ತಿಳಿಯುತ್ತದೆ. ಆದರೂ ಕೀಳಲಿಲ್ಲ. ಅಷ್ಟು ಬೋಳು ಚೀಲಗಳ ನಡುವೆ ಹಸಿರಾಗಿ ನಿಂತದ್ದು ಏನೇ ಆಗಿರಲಿ, ಅದನ್ನು ಕೀಳಲು ಕೈ ಬರಲಿಲ್ಲ. ಅಲ್ಲದೆ ಸೋಮವಾರ ಲಿಂಗಸುಗೂರಿನ ನಮ್ಮ ಕಚೇರಿಯಲ್ಲಿ ಸಭೆ. ಅಲ್ಲಿ ‘ಒಂಬತ್ತು’ ಅನ್ನುವುದಕ್ಕಿಂತ ‘ಹನ್ನೊಂದು’ ಅಂದರೆ ಸ್ವಲ್ಪ ಮರ್ಯಾದೆಯಾಗಿ ಕೇಳಿಸುತ್ತದೆ. ಪುಸ್ತಕದಲ್ಲಿ ಹನ್ನೊಂದು ಎಂದು ಬರೆದುಕೊಂಡೆ.

ನಾನು ಮಾತು ಕಡಿಮೆಯವಳು. ಇದನ್ನು ಹೇಳಿಕೊಳ್ಳುವುದಕ್ಕೂ ಒಂದಿಷ್ಟು ಮಾತು ಖರ್ಚಾಗುತ್ತದಲ್ಲ ಎಂದು ಬೇಸರಪಡುವಷ್ಟು ಕಡಿಮೆ. ಬಸ್ಸಿನಲ್ಲಿ ಪಕ್ಕದವರು ಯಾವೂರು ಎಂದು ಕೇಳಿದರೆ ಸಿಂಧನೂರು ಎಂದು ಹೇಳಿ ಕಿಟಕಿಯ ಕಡೆ ತಿರುಗುತ್ತೇನೆ. ಅವರು ಅಲ್ಲಿಗೇ ಬಿಡುವವರಲ್ಲ. ಯಾವ ಓಣಿ, ಯಾರ ಮಗಳು, ಮದುವೆ ಆಗಿದೆಯೇ ಎಂದು ಮಸ್ಕಿ ಬರುವ ತನಕ ಕೇಳುತ್ತಲೇ ಇರುತ್ತಾರೆ. ಅರಣ್ಯಶಾಸ್ತ್ರವನ್ನು ಆರಿಸಿಕೊಂಡದ್ದು ಮುಖ್ಯವಾಗಿ ಈ ಕಾರಣಕ್ಕೆ. ಮರಗಳು ಯಾರ ಮಗಳು ಎಂದು ಕೇಳುವುದಿಲ್ಲ. ಒಂದು ಮರದ ಕೆಳಗೆ ನೋಟ್‌ಬುಕ್ಕು ಹಿಡಿದು ಒಬ್ಬಳೇ ಕೂತು, ಕಾಂಡದ ಸುತ್ತಳತೆ ಬರೆದುಕೊಳ್ಳುತ್ತಾ ಜೀವನ ಕಳೆಯುವುದು ನನ್ನ ಆಸೆಯಾಗಿತ್ತು. ಕೊನೆಗೆ ಸಿಕ್ಕಿದ್ದು ಸರ್ಕಾರದ್ದಲ್ಲದ ಒಂದು ಸಂಸ್ಥೆಯಲ್ಲಿ ‘ಸಮುದಾಯ ಅರಣ್ಯ’ದ ಕೆಲಸ. ಜಾಹೀರಾತಿನಲ್ಲಿ ‘ಅರಣ್ಯ’ ಎಂಬ ಪದವನ್ನು ನಾನು ಬಹಳ ಗಮನವಿಟ್ಟು ಓದಿದ್ದೆ. ಅದರ ಹಿಂದಿನ ಪದದ ಮೇಲೆ ಸುಮ್ಮನೆ ಕಣ್ಣಾಡಿಸಿದ್ದೆ. ಸೇರಿದ ಮೇಲೆ ತಿಳಿಯಿತು: ಅರಣ್ಯದ ಕೆಲಸ ದಿನದ ಕೊನೆಯ ಹತ್ತು ನಿಮಿಷ ಮಾತ್ರ. ಉಳಿದದ್ದೆಲ್ಲ ಸಮುದಾಯ.

ಮನೆಯಲ್ಲಿ ಈ ನೌಕರಿಯ ಬಗ್ಗೆ ಬೇರೆ ಬೇರೆ ಕಲ್ಪನೆಗಳಿವೆ. ಅವ್ವ ತುರ್ವಿಹಾಳದವಳು, ಕಾಲುವೆ ನೀರು ಕುಡಿದು ಬೆಳೆದವಳು. ಬದುವಿನ ಮೇಲೆ ತೆಂಗಿನ ಸಸಿ ನೆಟ್ಟು ಮರೆತುಬಿಟ್ಟರೂ ಅದು ಮರವಾಗುವುದನ್ನು ನೋಡಿದವಳು. “ಗಿಡ ಹಚ್ಚಿದ್ರ ಬರತಾವ. ಅದಕ್ಯಾಕ ಆರು ವರ್ಷ ಓದಬೇಕು?” ಎಂಬುದು ಅವಳ ಪ್ರಶ್ನೆ. ಆದರೆ ಓಣಿಯಲ್ಲಿ ಯಾರಾದರೂ ಕೇಳಿದರೆ, “ಫಾರೆಸ್ಟಿನಾಗ ಅದಾಳ” ಎಂದಷ್ಟೇ ಹೇಳಿ, ಉಳಿದದ್ದನ್ನು ಅವರ ಊಹೆಗೆ ಬಿಡುತ್ತಾಳೆ. ಇದರ ಫಲವಾಗಿ ಎದುರು ಮನೆಯವರು ಬಾಗಿಲ ಚೌಕಟ್ಟಿಗೆ ತೇಗ ಕೊಡಿಸಬೇಕೆಂದು ಕೇಳಿದರು. ಇನ್ನೊಂದು ಸಲ ಹಿಂದಿನ ಮನೆಯ ಬಚ್ಚಲಿಗೆ ಹಾವು ಬಂದಿದೆಯೆಂದು ನನ್ನನ್ನು ಕರೆದೊಯ್ದರು. ನಾನು ಪೊರಕೆ ಹಿಡಿದು ಬಾಗಿಲ ಹೊರಗೆ, ಪೂರ್ತಿ ಹೊರಗೆ, ಬಹಳ ಹೊತ್ತು ನಿಂತಿದ್ದೆ. ಅದು ನಲ್ಲಿಯ ಪೈಪು ಎಂದು ಅವರ ಮನೆಯ ಅತ್ತೆಯೇ ಒಳಗೆ ಹೋಗಿ ಪತ್ತೆ ಮಾಡಿದರು. ಅವ್ವನಿಗೂ ನನಗೂ ಒಂದು ಒಪ್ಪಂದವಿದೆ: ಈ ಕೆಲಸ ಒಂದು ವರ್ಷ. ಒಂದು ಗಿಡವೂ ಏಳದಿದ್ದರೆ ಬಿ.ಎಡ್. ಅದರ ಅರ್ಜಿ ಈಗಾಗಲೇ ಫ್ರಿಜ್ಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಕೆಳಗೆ ಕೂತು, ಅಂಚಿಗೆ ಎಣ್ಣೆ ಹೀರಿಕೊಳ್ಳುತ್ತಿದೆ.

ನಾನು ಹೋಗುವ ಹಳ್ಳಿ ಸಂತೆಕಲ್ಲೂರಿನ ಆಚೆ. ಮಸ್ಕಿಯಲ್ಲಿ ಬಸ್ಸಿಳಿದು ಟಂಟಂ ಹತ್ತಿ, ಆಮೇಲೆ ಒಂದಿಷ್ಟು ನಡೆಯಬೇಕು. ಊರ ಪಕ್ಕದಲ್ಲೇ ಒಂದು ಕಲ್ಲುಗುಡ್ಡ. ಅದರ ಮೇಲೆ ಕಲ್ಲು ಬಿಟ್ಟರೆ ಆಡು, ಆಡು ಬಿಟ್ಟರೆ ಕಲ್ಲು. ಆ ಗುಡ್ಡವನ್ನು ಊರಿನ ಹೆಂಗಸರ ಸಂಘ ಹಸಿರು ಮಾಡುವಂತೆ ‘ಪ್ರೇರೇಪಿಸುವುದು’ ನನ್ನ ಕೆಲಸ. ಮೊದಲ ಸಭೆಗೆ ನಾನು ಮಾತುಗಳನ್ನು ಮನೆಯಲ್ಲಿ ಬರೆದು, ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹೊಂಗೆ ಮೊದಲಾಗಿ ಆಡು ಬಾಯಿ ಹಾಕದ ಗಿಡಗಳ ಒಂದು ಪಟ್ಟಿಯನ್ನೂ ಒಯ್ದಿದ್ದೆ. ಎಲ್ಲರೂ ಸುಮ್ಮನೆ ಕೇಳಿದರು. ಕೊನೆಗೆ ಕಂಬಕ್ಕೆ ಒರಗಿ ಕೂತಿದ್ದ, ಊರಲ್ಲೇ ಹೆಚ್ಚು ಆಡು ಇರುವ ದುರುಗಮ್ಮಜ್ಜಿ, “ಇವನ್ನ ಆಡು ತಿಂತಾವೇನು?” ಎಂದು ಕೇಳಿದಳು.

“ಇಲ್ಲಜ್ಜಿ, ಮುಟ್ಟಂಗಿಲ್ಲ. ಅದಕ್ಕ ಆರಿಸೀನಿ” ಎಂದೆ ಹೆಮ್ಮೆಯಿಂದ.

“ಆಡು ಮುಟ್ಟಲಾರದ್ದು ಗುಡ್ಡದ ತುಂಬ ಹಚ್ಚಿಬಿಟ್ರ, ನಮ್ಮ ಆಡು ಹೊಟ್ಟಿಗೇನು ನಿನ್ನ ಚೀಟಿ ತಿನಬೇಕೇನಬೇ?”

ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಪಟ್ಟಿಯನ್ನು ಮಡಚಿದೆ. ಆಮೇಲೆ ಅವರೇ ಮಾತಾಡಿ ತೀರ್ಮಾನಿಸಿದ್ದು ಕರಿಜಾಲಿ. ರಸ್ತೆಗುಂಟ ತಾನಾಗಿ ಎದ್ದು ಹೊಲ ನುಂಗುವ ಬಳ್ಳಾರಿ ಜಾಲಿ ಅಲ್ಲ. ಹಳದಿ ಹೂವಿನ, ಸರದಂಥ ಕಾಯಿಯ ನಮ್ಮ ಹಳೆಯ ಜಾಲಿ. ಕಾಯಿ ಆಡಿಗೆ, ಮುಳ್ಳು ಬೇಲಿಗೆ, ನೆರಳು ಆಡು ಕಾಯುವವರಿಗೆ. ಗಿಡಗಳು ಎದೆಯೆತ್ತರ ಆಗುವ ತನಕ ಗುಡ್ಡದ ಮೂಡಣ ಮಗ್ಗುಲಿಗೆ ಆಡು ಬಿಡುವುದಿಲ್ಲವೆಂದು ದುರುಗಮ್ಮಜ್ಜಿ ಎಲ್ಲರ ಪರವಾಗಿ ಮಾತು ಕೊಟ್ಟಳು. ಅದರ ಹಿಂದೆಯೇ, ಮುಂಗಾರು ಹಿಡಿಯುವ ಹೊತ್ತಿನ ಕಾರಹುಣ್ಣಿಮೆಯನ್ನು ಗಡುವಾಗಿಟ್ಟು, ಒಂದು ಷರತ್ತನ್ನೂ ಹಾಕಿದಳು: “ಕಾರಹುಣ್ಣಿವಿತನಾ ನಿನ್ನ ಸಸಿ ತಯಾರಿರಬೇಕು. ಇಲ್ಲಂದ್ರ ಹುಣ್ಣಿವಿ ಮರುದಿನ ನಮ್ಮ ಆಡು ಗುಡ್ಡ ಹತ್ತತಾವ. ಆಮ್ಯಾಲ ಯಾ ಮೇಡಂ ಬಂದ್ರೂ ಇಳಿಸಂಗಿಲ್ಲ.”

ಅಂದಿನಿಂದ ಅಜ್ಜಿ ದಿನಾ ಆಡುಗಳನ್ನು ಹಳ್ಳದ ಕಡೆಯಿಂದ ಬಳಸಿ, ಆಚೆ ಮಗ್ಗುಲಿಗೆ ಹೊಡೆದುಕೊಂಡು ಹೋಗುತ್ತಿದ್ದಳು. ಅವಳಿಗೆ ಬಲ ಮೊಣಕಾಲು ನೋವು. ಅಂಗನವಾಡಿಯ ಹಿಂದೆ ನೀರಿನ ತೊಟ್ಟಿಯ ಬಳಿ ನಾನು ಚೀಲಗಳನ್ನು ಎಣಿಸುತ್ತಾ ಕೂತಾಗ, ಅವಳು ಕೋಲೂರಿ ಆ ಬಳಸುದಾರಿಯಲ್ಲಿ ಕುಂಟುತ್ತಾ ಹೋಗುವುದು ಕಾಣುತ್ತಿತ್ತು. ಬಿ.ಎಡ್. ಅರ್ಜಿಯನ್ನು ನೆನೆದು ನನಗೆ ಅಷ್ಟೇನೂ ಭಯವಾಗುತ್ತಿರಲಿಲ್ಲ. ಆ ಮೊಣಕಾಲನ್ನು ನೋಡಿದರೆ ಆಗುತ್ತಿತ್ತು.

ಬೀಜದ ವಿಷಯದಲ್ಲಿ ನಾನು ಶಾಸ್ತ್ರ ಬಿಟ್ಟವಳಲ್ಲ. ಜಾಲಿ ಬೀಜದ ಸಿಪ್ಪೆ ಗಟ್ಟಿ, ನೀರು ಒಳಗಿಳಿಯುವುದಿಲ್ಲ. ಕುದಿಯುವ ನೀರನ್ನು ಒಲೆಯಿಂದ ಇಳಿಸಿ, ಬೀಜ ಹಾಕಿ, ಒಂದು ದಿನ ಹಾಗೆಯೇ ಆರಲು ಬಿಡಬೇಕು. ನಮ್ಮ ಅಡುಗೆಮನೆಯಲ್ಲಿ ಗಡಿಯಾರ ನೋಡಿಕೊಂಡು ಹಾಗೆಯೇ ಮಾಡಿ, ತಟ್ಟೆ ಮುಚ್ಚಿಟ್ಟೆ. ಅವ್ವ, “ಏನದು?” ಎಂದಳು. “ಏನಿಲ್ಲವ್ವ, ಆಫೀಸಿಂದು” ಎಂದೆ. ನಮ್ಮ ಮನೆಯಲ್ಲಿ ನನ್ನ ಹೆಚ್ಚಿನ ಉತ್ತರಗಳು ‘ಏನಿಲ್ಲ’ದಿಂದಲೇ ಶುರುವಾಗುತ್ತವೆ. ಮರುದಿನ ಹಳ್ಳಿಗೆ ಒಯ್ದು ಬಿತ್ತಿದೆ. ಕೊನೆಯ ಸಾಲಿಗೆ ಬೀಜ ಸಾಲದೆ ಬಂತು. ಕೈಚೀಲದ ತಳದಲ್ಲಿ ಉದುರಿ ಉಳಿದಿದ್ದ, ಬಿಸಿನೀರು ಕಾಣದ ಒಣ ಬೀಜಗಳನ್ನೇ ಅಲ್ಲಿಗೆ ಹಾಕಿದೆ. ಕ್ರಮ ತಪ್ಪಿತಲ್ಲ ಎಂದು ಅದಕ್ಕೂ ಒಂದು ದಿನ ಕೊರಗಿದೆ.

ಯುಗಾದಿ ಕಳೆಯಿತು. ಮುನ್ನೂರಕ್ಕೆ ಹನ್ನೊಂದು. ಮೊನ್ನೆ ಮಧ್ಯಾಹ್ನ ಅಜ್ಜಿಯೇ ಬಂದು ಚೀಲಗಳ ಮುಂದೆ ನಿಂತಳು.

“ಎಷ್ಟು ಬಂದಾವ?”

“ಬರಾಕತ್ತಾವ್ರಿ.”

“ಬರಾಕತ್ತಿದ್ದು ಕೇಳಿಲ್ಲ. ಬಂದದ್ದು ಕೇಳೀನಿ.”

“ಹನ್ನೊಂದು.”

ಅಜ್ಜಿ ಬಗ್ಗಿ ನೋಡಿದಳು. ಕೋಲಿನ ತುದಿಯಿಂದ ಒಂದನ್ನು ಮುಟ್ಟಿದಳು, ಆಮೇಲೆ ಇನ್ನೊಂದನ್ನು. “ಇವೆರಡು ಹುಲ್ಲಲ್ಲೇನು?”

ನಾನು ನೆಲ ನೋಡಿದೆ. ಅಜ್ಜಿ ಬೈಯುತ್ತಾಳೆಂದುಕೊಂಡೆ. ಅವಳು, “ಊಟ ಮಾಡೀಯೋ ಇಲ್ಲೋ?” ಎಂದಳು. ನಾನು ತಲೆಯಾಡಿಸಿದ್ದು ಹೌದೆಂದೋ ಇಲ್ಲವೆಂದೋ ನನಗೇ ತಿಳಿಯಲಿಲ್ಲ. “ಬಾ ಇಲ್ಲಿ” ಎಂದು ಮುಂದೆ ನಡೆದಳು.

ಅವಳ ಮನೆಯ ಪಕ್ಕದಲ್ಲಿ ಮುಳ್ಳು ಹಾಕಿದ ಆಡಿನ ದೊಡ್ಡಿ, ಅದರ ಹಿಂದೆ ತಿಪ್ಪೆ. ತಿಪ್ಪೆಯ ಅಂಚಿಗೆ, ಬಚ್ಚಲ ನೀರು ಹರಿಯುವ ಕಡೆ, ಜಾಲಿ ಸಸಿಗಳು ಮೆಂತ್ಯದ ಮಡಿಯಂತೆ ಒತ್ತೊತ್ತಾಗಿ ಎದ್ದಿದ್ದವು. ಎಣಿಸಲು ಬಾಯಿ ತೆರೆದವಳು ಅರ್ಧಕ್ಕೇ ಬಿಟ್ಟೆ.

“ಇವನ್ನ ಯಾರು ಹಚ್ಯಾರಜ್ಜಿ?”

“ಯಾರ ಹಚ್ಚತಾರ? ಆಡು ಹಚ್ಯಾವ. ಹಗಲಿ ಜಾಲಿಕಾಯಿ ತಿಂತಾವ, ದೊಡ್ಡ್ಯಾಗ ಮಕ್ಕೊಂಡು ಮೆಲಕ ಹಾಕತಾವ, ಬೀಜ ಉಗಳತಾವ. ಹಿಕ್ಕಿವೊಳಗೂ ಒಂದೀಟು ಬೀಳತಾವ. ಆಡಿನ ಬಾಯಾಗಿಂದ ಬಂದ ಬೀಜ ಖಾಲಿ ಹೋಗಂಗಿಲ್ಲ.”

ಇದು ನನಗೆ ಗೊತ್ತಿತ್ತು. ಅದೇ ನಾಚಿಕೆಯ ಸಂಗತಿ. ಎರಡನೆಯ ವರ್ಷದ ಪರೀಕ್ಷೆಯಲ್ಲಿ ‘ಜಾನುವಾರುಗಳ ಮೂಲಕ ಬೀಜೋಪಚಾರ’ ಎಂದು ಟಿಪ್ಪಣಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆ ಜಾನುವಾರು ಇದೇ ಆಡು ಎಂದು ಮಾತ್ರ ಹೊಳೆದಿರಲಿಲ್ಲ. ಇಷ್ಟು ದಿನ ಯಾವುದನ್ನು ಗುಡ್ಡದಿಂದ ದೂರ ಇಡಲು ನಾನು ಓಡಾಡುತ್ತಿದ್ದೆನೋ ಅದು ದಿನಾ ಬೆಳಿಗ್ಗೆ ನನ್ನ ಕೆಲಸವನ್ನು ಮುಗಿಸಿ, ಗಡ್ಡ ಅಲ್ಲಾಡಿಸುತ್ತಾ ನನ್ನೆದುರೇ ಹಾದುಹೋಗುತ್ತಿತ್ತು.

“ಮೊದಲ ಯಾಕ ಹೇಳಲಿಲ್ಲಜ್ಜಿ?” ಎಂದೆ.

“ನೀ ಎಂದಾರ ಕೇಳೀಯೇನು? ಬರತಿ, ಚೀಲ ಎಣಿಸತಿ, ಬರಕೋತಿ, ಹೋಗಿಬಿಡತಿ. ಒಂದಿನಾರ ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡದಿಲ್ಲ. ಓದಿದವರ ಬೀಜ ಬ್ಯಾರೇನ ಇರಬೇಕು ಅಂತ ನಾವೂ ಸುಮ್ಮನಿದ್ವಿ.” ಆಮೇಲೆ ದನಿ ಇಳಿಸಿ ಹೇಳಿದಳು: “ನಾಳಿ ಜಲ್ದಿ ಬಾ. ನಾ ದೊಡ್ಡಿ ಕಸ ಹೊಡಿಯೋಕಿಂತ ಮುಂಚೆ. ಜರಡಿ ತಗೊಂಡು ಬಾ. ಕಾರಹುಣ್ಣಿವಿ ಇನ್ನಾ ದೂರ ಐತಿ, ಫಿಕರ್ ಮಾಡಬ್ಯಾಡ.”

ಸಂಜೆ ಮನೆಗೆ ಬಂದು ಜರಡಿ ಹುಡುಕುತ್ತಿದ್ದಾಗ ಅವ್ವ ಯಾಕೆಂದು ಕೇಳಿದಳು. ‘ಏನಿಲ್ಲ’ ನಾಲಿಗೆಯ ತುದಿಗೆ ಬಂದಿತ್ತು. ಆದರೆ ದಣಿದಿದ್ದೆ. ಮುನ್ನೂರು ಚೀಲ, ಹನ್ನೊಂದು ಮೊಳಕೆ, ಅಜ್ಜಿಯ ಮೊಣಕಾಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, “ಬಿಸಿನೀರಾಗ ಬರೋಬ್ಬರಿ ನೆನಸಿದ್ದೆನವ್ವ, ಯಾಕ ಹಿಂಗಾತೋ” ಎಂದೆ.

ಅವ್ವ ಸೌಟು ಹಿಡಿದೇ ನಿಂತುಬಿಟ್ಟಳು. “ಯಾವ ನೀರು? ಅವತ್ತು ತಟ್ಟಿ ಮುಚ್ಚಿಟ್ಟಿದ್ದಿಯಲ್ಲ, ಅದಾ?”

“ಹೂಂ.”

“ನೀ ಜಳಕಕ್ಕ ಹೋಗಿದ್ದಿ. ತಗದು ನೋಡಿದ್ನೆವ್ವಾ, ತಣ್ಣಗಾಗಿತ್ತು. ವಾಸನಿ ನೋಡಿದ್ರ ಜಾಲಿ. ಹಲ್ಲುನೋವಿಗೆ ಕಷಾಯ ಇಟಗೊಂಡಾಳ ನನ್ನ ಮಗಳು, ಬಾಯಿಬಿಟ್ಟು ಹೇಳಂಗಿಲ್ಲ ಅಂತ... ಅರ್ಧ ತಾಸು ಚಲೋತ್ನಾಗ ಕುದಿಸಿ, ಹಂಗ ಮುಚ್ಚಿಟ್ಟೆ.” ಅವಳ ಕಣ್ಣು ತುಂಬಿದವು. “ಮೂರು ದಿನ ನಿನ್ನ ಗಲ್ಲ ನೋಡೀನಿ, ಬಾವು ಬಂದೈತೇನು ಅಂತ. ಅನ್ನ ಮೆತ್ತಗ ಮಾಡೀನಿ.”

ಆ ಮೂರು ದಿನ ಅನ್ನ ಮುದ್ದೆಯಾಗಿದ್ದದ್ದು ನನಗೂ ನೆನಪಿತ್ತು. ಹೊಸ ಅಕ್ಕಿ ಇರಬೇಕೆಂದುಕೊಂಡು ಏನೂ ಕೇಳದೆ ಉಂಡೆದ್ದಿದ್ದೆ.

ಹಾಗಾದರೆ ಲೆಕ್ಕ ಸರಿಹೋಯಿತು. ನನ್ನ ಶಾಸ್ತ್ರ ಮತ್ತು ಅವ್ವನ ಪ್ರೀತಿ ಎರಡೂ ಸೇರಿ ಬೇಯಿಸಿದ ಬೀಜಗಳೆಲ್ಲ ಸತ್ತಿದ್ದವು. ಬದುಕಿದ ಒಂಬತ್ತು, ನನ್ನ ವಿದ್ಯೆ ಸೋಕದೆ ಕೈಚೀಲದ ತಳದಲ್ಲಿ ಉಳಿದವು. ನನಗೆ ನಗು ಬಂತು. ಅವ್ವನಿಗೂ, ಅಳುತ್ತಲೇ, ಬಂತು. ಅವ್ವನ ಮುಂದೆ ಈ ಹಿಂದೆ ಅಷ್ಟು ಹೊತ್ತು ನಕ್ಕದ್ದು ಯಾವಾಗ ಎಂದು ಯೋಚಿಸಿದೆ, ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. “ಹಿಟ್ಟಿನ ಜರಡಿ ಕೊಡಂಗಿಲ್ಲ, ಕಾಳಿನ ಜರಡಿ ಒಯ್ಯಿ. ಅದನ್ನ ತಿರುಗಿ ಈ ಮನೀಗೆ ತರಬ್ಯಾಡ” ಎಂದು ಅವ್ವ ಬುತ್ತಿಯ ಜೊತೆ ಜರಡಿಯನ್ನೂ ಕೈಗಿಟ್ಟಳು. ಬುತ್ತಿ ಇಬ್ಬರಿಗಾಗುವಷ್ಟಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸು, ಜರಡಿ ಯಾಕೆ ಎಂದು ಕೇಳಿದಳು. ಹೇಳಿದೆ. ಮಸ್ಕಿ ಬಂದಾಗ ಅವಳೇ ಕಿಟಕಿಯ ಕಡೆ ತಿರುಗಿದ್ದಳು.

ದೊಡ್ಡಿಯಲ್ಲಿ ದುರುಗಮ್ಮಜ್ಜಿ ಕಸಬರಿಗೆ ಬದಿಗಿಟ್ಟು ಕಾಯುತ್ತಿದ್ದಳು. ನಾನು ಕುಕ್ಕರಗಾಲಲ್ಲಿ, ಅವಳು ಬಲಗಾಲು ಚಾಚಿ ಕೂತು, ಹಿಕ್ಕೆ ಸೋಸಿ, ಮಿರುಗುವ ಕಂದು ಬೀಜ ಆರಿಸಿದೆವು. ಅವ್ವನ ಕಷಾಯದ ಕಥೆ ಕೇಳಿ ಅಜ್ಜಿ ಆಡಿನ ಕೊಂಬು ಹಿಡಿದುಕೊಂಡು ನಕ್ಕಳು. “ನಿಮ್ಮವ್ವನ್ನ ಒಂದಿನ ಕರಕೊಂಡು ಬಾ. ಅಕೀ ಕೈಯಾಗ ಒಲಿ ಮಾತ್ರ ಕೊಡೂದು ಬ್ಯಾಡ” ಎಂದಳು. ಕಟ್ಟೆಯ ಮೇಲೆ ಕೂತು ಚಹಾ ಕುಡಿದೆ, ಎರಡು ಸಲ. ಬಿಸಿಲೇರುವ ಮೊದಲು ಬೋಳು ಚೀಲಗಳಲ್ಲೆಲ್ಲ ಬೀಜ ಊರಿ ಮುಗಿಸಿದೆವು. ಆಮೇಲೆ ಅಜ್ಜಿ ಆಡು ಹೊಡೆದುಕೊಂಡು, ಹಳ್ಳದ ಕಡೆಯ ಬಳಸುದಾರಿ ಹಿಡಿದು ಹೊರಟಳು.

ಅವಳನ್ನು ಒಂದು ನಿಮಿಷ ನಿಲ್ಲಿಸಿದೆ. ಕೊನೆಯ ಸಾಲಿಗೆ ಹೋಗಿ, ಆ ಎರಡು ಹುಲ್ಲನ್ನು ಕಿತ್ತು ತಂದು ಮುಂದಿನ ಆಡಿನ ಬಾಯಿಗೆ ಹಿಡಿದೆ. ಪುಸ್ತಕ ತೆಗೆದು ಹನ್ನೊಂದನ್ನು ಹೊಡೆದುಹಾಕಿ, ಒಂಬತ್ತು ಎಂದು ಬರೆದೆ.