ಪ್ರತಿ ಬಾಟಲಿಗೂ ಇಡೀ ಪಟ್ಟಿ ಓದುವವರಿಗೆ

ನೆಲಮಾಳಿಗೆಯ ತಂಪು ಕೋಣೆಯಲ್ಲಿ ಲೋಕದ ಗೊಡವೆಯಿಲ್ಲದೆ ವಿರಾಜಮಾನರಾಗಿರುವ ಆಸ್ಪತ್ರೆಯ ಡೇಟಾಬೇಸ್ ಮಹಾಶಯರಿಗೆ, ಔಷಧ ಕೌಂಟರಿನವನ ಸವಿನಯ ವಂದನೆಗಳು.

ಮಾನ್ಯರೇ, ಕಣ್ಣಿಗೆ ಬಿಡುವ ಹನಿಯ ಕೆಲವು ಬಾಟಲಿಗಳು ಕೆಟ್ಟಿವೆಯೆಂದು ನಿನ್ನೆ ಬೆಳಿಗ್ಗೆ ತಯಾರಕರು ಅವುಗಳ ಸಂಖ್ಯೆಗಳ ಉದ್ದನೆಯ ಪಟ್ಟಿ ಕಳಿಸಿದರು. ಅವನ್ನು ನಮ್ಮಿಂದ ಕೊಂಡವರಿಗೆಲ್ಲ, ಸಂಜೆಯ ಹನಿ ಬಿಟ್ಟುಕೊಳ್ಳುವ ಮೊದಲೇ ಫೋನ್ ಮಾಡಬೇಕಿತ್ತು. ಸಾವಿರಾರು ಸಂಖ್ಯೆಗಳನ್ನು ಒಂದೇ ಪ್ರಶ್ನೆಯೊಳಗೆ ತುರುಕಿ, ಕೊಂಡವರು ಯಾರೆಂದು ತಮ್ಮನ್ನು ಕೇಳಿದೆವು. ತಾವು ಅವಸರಪಡಲಿಲ್ಲ. ಮಾರಿದ ಒಂದೊಂದು ಬಾಟಲಿಗೂ ಇಡೀ ಪಟ್ಟಿಯನ್ನು ಮೊದಲಿನಿಂದ ಓದುತ್ತಾ ಹೋದ ತಮ್ಮ ನಿಷ್ಠೆಯನ್ನು, ಪ್ರತಿ ಮನೆಯ ಬಾಗಿಲಲ್ಲೂ ಊರಿನ ಕಾಗದಗಳನ್ನೆಲ್ಲ ಹರಡಿಕೊಂಡು ವಿಳಾಸ ಹುಡುಕುವ ಅಂಚೆಯವನಲ್ಲಿ ಮಾತ್ರ ಕಾಣಬಹುದು. ನಡುವೆ ಬೇರೇನು ಕೇಳಿದರೂ ‘ಕಾಯಿರಿ’ ಎಂದಿರಿ. ನಮಗೆ ಸಂಯಮ ಕಲಿಸಿದ್ದಕ್ಕೆ ಋಣಿ.

ಆ ಹನಿ ಕೊಂಡವರಲ್ಲಿ ನನ್ನ ಚಿಕ್ಕಮ್ಮನೂ ಒಬ್ಬರು. ಕಣ್ಣಿನ ಆಪರೇಷನ್ ಆಗಿ ವಾರವೂ ಕಳೆದಿರಲಿಲ್ಲ, ಬಾಟಲಿಯ ಮೇಲಿನ ಸಂಖ್ಯೆ ನೀರು ತಾಗಿ ಅಳಿಸಿಹೋಗಿತ್ತು. “ಸುತ್ತಿ ಬಳಸಿ ಮಾತಾಡ್ಬೇಡ ಕಣೋ. ಬಿಟ್ಕೊಳ್ಲೋ, ಬೇಡ್ವೋ?” ಎಂದು, ಬೆಳಿಗ್ಗೆ ನಾನು ಫೋನ್ ಮಾಡಿ ಸುದ್ದಿ ಹೇಳಿದಾಗ ಕೇಳಿದರು. ವಿಚಾರಿಸುತ್ತಿದ್ದೇವೆ ಎಂದೆ. ಗೊತ್ತಿಲ್ಲ ಎಂಬುದನ್ನು ಇಷ್ಟು ಗೌರವದಿಂದ ಹೇಳುವುದನ್ನು ತಾವು ನನ್ನಿಂದ ಕಲಿತಿರೋ, ನಾನು ತಮ್ಮಿಂದ ಕಲಿತೆನೋ ಎಂಬುದು ಪರದೆ ನೋಡುತ್ತಾ ಕೂತವನಿಗೆ ಬಗೆಹರಿಯಲಿಲ್ಲ.

ಮಧ್ಯಾಹ್ನ ಬಂದ ಪ್ರೋಗ್ರಾಮರ್ ಹೆಂಗಸು ನಮ್ಮ ಪ್ರಶ್ನೆ ನೋಡಿ, “ಇಷ್ಟನ್ನೂ ಒಂದೇ ತುತ್ತಿಗೆ ಬಾಯಿಗೆ ತುರುಕಿದ್ರೆ ಪಾಪ ಅದಾದ್ರೂ ಹೇಗೆ ನುಂಗುತ್ತೆ ಸಾರ್?” ಎಂದರು. ಪಟ್ಟಿಯನ್ನು ಪ್ರಶ್ನೆಯಿಂದ ಹೊರತೆಗೆದು, ಅದಕ್ಕೇ ಒಂದು ತಾತ್ಕಾಲಿಕ ಕೋಷ್ಟಕ ಮಾಡಿ, ಸಂಖ್ಯೆ ಥಟ್ಟನೆ ಸಿಗುವಂತೆ ಪುಸ್ತಕದ ಕೊನೆಯಲ್ಲಿರುವಂಥ ಸೂಚಿ ಕಟ್ಟಿ, ಮಾರಾಟದ ಕೋಷ್ಟಕದೊಡನೆ ಹೊಂದಿಸಿ ನೋಡಲು ಹೇಳಿದ್ದೇ ತಡ, ಅವರು ಕೀಲಿಮಣೆಯಿಂದ ಕೈ ತೆಗೆಯುವಷ್ಟರಲ್ಲಿ ತಾವು ಹೆಸರುಗಳನ್ನೆಲ್ಲ ಒಪ್ಪಿಸಿದಿರಿ. ಕೇಳುವ ಹಾಗೆ ಕೇಳುವವರೆಗೂ ಬಾಯಿಬಿಡದ ಆ ಸ್ವಾಭಿಮಾನಕ್ಕೆ ಶರಣು.

ಚಿಕ್ಕಮ್ಮನ ಹೆಸರು ಇತ್ತು. ಫೋನ್ ಮಾಡಿದೆ. “ಆಗ್ಲೇ ಚೆಲ್ಲಿದೆ. ಬೆಳಿಗ್ಗೆ ವಿಚಾರಿಸ್ತಿದ್ದೀವಿ ಅನ್ನುವಾಗ ನೀನು ಉಗುಳು ನುಂಗಿದ್ದು ಇಲ್ಲಿಗೇ ಕೇಳಿಸ್ತು” ಎಂದರು.

ಆದಕಾರಣ ಮುಂದೆ ಇಂಥ ಪಟ್ಟಿ ಬಂದಾಗ, ಓದಲು ಕೂರುವ ಮೊದಲು, ಕೇಳುವವನ ದನಿಯನ್ನೂ ಒಮ್ಮೆ ಆಲಿಸುವ ಕೃಪೆ ಮಾಡಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ಔಷಧ ಕೌಂಟರಿನವನು

ವಿ.ಸೂ.: ಸಂಜೆಯೊಳಗೆ ಎಲ್ಲರಿಗೂ ಸುದ್ದಿ ಮುಟ್ಟಿತು. ಕಚೇರಿಯ ವರದಿಯಲ್ಲಿ ಇದು ತಮ್ಮ ವೇಗದ ಸಾಧನೆಯೆಂದು ದಾಖಲಾಗಿದೆ. ಅದಕ್ಕೂ ಮುಂಚಿನ ಅರ್ಧ ದಿನವನ್ನು ‘ಸಿಬ್ಬಂದಿಯ ವಿಳಂಬ’ ಎಂದು ಬರೆದು ನನ್ನಿಂದ ಸಹಿ ಹಾಕಿಸಿಕೊಂಡಿದ್ದಾರೆ.