ಕೂರಲೋ, ಮಲಗಲೋ

ಒಂದೇ ಮೈಯನ್ನು ಇಬ್ಬರು ಡಾಕ್ಟರರ ಕೈಗೆ ಕೊಡಬಾರದು; ಕೊಟ್ಟಮೇಲೆ ಅದು ನಿಮ್ಮದಾಗಿ ಉಳಿಯುವುದಿಲ್ಲ. ನನ್ನ ಮೂಳೆಗಳು ಅಂಕೋಲೆಯ ಡಾಕ್ಟರರಿಗೆ ಸೇರಿವೆ, ಎದೆ ಕಾರವಾರದವರಿಗೆ. ಮೂಳೆ ಸವೆದು ಹಪ್ಪಳವಾಗಿದೆ, ಚೆನ್ನಾಗಿ ಸೊಪ್ಪು ತಿನ್ನಿ ಎಂದು ಇವರು. ಎದೆ ತಾಳ ತಪ್ಪುತ್ತಿದೆಯೆಂದು ರಕ್ತ ತೆಳುವಾಗುವ ಗುಳಿಗೆ ಕೊಟ್ಟಿದ್ದೇನೆ, ಸೊಪ್ಪು ಹೆಚ್ಚಿಸಿದರೆ ಅದು ಕೆಲಸ ಮಾಡುವುದಿಲ್ಲ ಎಂದು ಅವರು. ದಿನಾ ನಡೆಯಿರಿ ಎಂದು ಇವರು. ಬಿದ್ದೀರಿ ಜೋಕೆ, ರಕ್ತ ನಿಲ್ಲುವುದಿಲ್ಲ ಎಂದು ಅವರು. ಹೆದ್ದಾರಿಯ ಹೊಂಡ ಹೊಂಡದಲ್ಲೂ ಬಸ್ಸಿನ ಕೈಯಲ್ಲಿ ಎತ್ತಿ ಹಾಕಿಸಿಕೊಳ್ಳುತ್ತ ಇಬ್ಬರ ಆಸ್ತಿಯನ್ನೂ ಹೊತ್ತು ತಿರುಗುವವಳು ನಾನು. ನೀವು ನೀವೇ ಒಂದು ಫೋನು ಮಾಡಿಕೊಳ್ಳಬಾರದೇ ಎಂದರೆ ಇಬ್ಬರೂ ನಗುತ್ತಾರೆ, ಮುದುಕಿ ತಮಾಷೆ ಮಾಡಿದಳು ಎನ್ನುವಂತೆ.

ಸೊಪ್ಪಿನ ಜಗಳವನ್ನು ಹೇಗೋ ಸುಧಾರಿಸಿದೆ. ವಾರಕ್ಕೊಮ್ಮೆಯ ಮೂಳೆ ಗುಳಿಗೆಯದು ಬೇರೆಯೇ ಕತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು. ಮಲಗಿದರೆ ಅನ್ನನಾಳ ಸುಟ್ಟೀತು. ಎದೆಯವರ ಆಜ್ಞೆಯೆಂದರೆ, ತಾಳ ತಪ್ಪಿ ತಲೆ ತಿರುಗಿದ ಕೂಡಲೇ ಮಲಗಿಬಿಡಬೇಕು. ಎರಡೂ ಒಂದೇ ಬೆಳಿಗ್ಗೆ ಬಂದರೆ? ಬಂದವು. ಇಸವಿ ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಹೊರಗೆ ಜಡಿಮಳೆ ಎಂದು ನನಗೆ ನೆನಪು. ಆದರೆ ಮೀನು ಮಾರುವ ಗುಲಾಬಿ ತಾಜಾ ಬಂಗಡೆಯ ಬುಟ್ಟಿ ಇಳಿಸಿದ್ದೂ ನೆನಪು, ಜಡಿಮಳೆಯಲ್ಲಿ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಎರಡರಲ್ಲಿ ಒಂದನ್ನು ಆಮೇಲೆ ಸೇರಿಸಿಕೊಂಡಿದ್ದೇನೆ. ಎದೆ ಹೊಡೆದುಕೊಂಡದ್ದು ಮಾತ್ರ ಸೇರಿಸಿದ್ದಲ್ಲ.

“ಮಲಗು, ಮಲಗು!” ಎಂದು ನನ್ನವರು ಚಾಪೆ ಬಿಡಿಸಿದರು. ಬಿಡಿಸಿದವರೇ ಸುತ್ತಿದರು. “ಅಯ್ಯೋ, ಗುಳಿಗೆ ತಕಂಡಿದ್ಯಲ್ಲೇ! ಮಲಗ್ಬೇಡ!”

“ಕೂತ್ರೆ ಬಿದ್ದೇ ಹೋಗ್ತೆ,” ಎಂದೆ.

“ಬಿದ್ರೆ ಮೂಳೆ ಮುರೀತದೆ!”

ಗುಲಾಬಿ ಒಳಗೆ ನುಗ್ಗಿದಳು. ನಾನು ಶಾಲೆಯಿಂದ ನಿವೃತ್ತಳಾಗಿ ಎಷ್ಟು ಕಾಲವಾದರೂ ಅವಳಿಗೆ ಅಕ್ಕೋರೇ. “ಯಂತದ್ರಾ ಅಕ್ಕೋರೆ ಇದು, ಗುಳಿಗೆಯೋ ಅತ್ತೆಯೋ? ಕುಂತ್ರೂ ತಪ್ಪು, ಮಲಗಿದ್ರೂ ತಪ್ಪು!”

ನನ್ನವರು ಫೋನಿಗೆ ಹಾರಿದರು. ಅಂಕೋಲೆಯಲ್ಲಿ ಯಾರೋ, “ಎದೆ ವಿಷಯ ಎದೆಯವ್ರನ್ನೇ ಕೇಳಿ” ಎಂದರಂತೆ. ಕಾರವಾರದಲ್ಲಿ, “ಗುಳಿಗೆ ಕೊಟ್ಟವ್ರನ್ನೇ ಕೇಳಿ.” ಕೊನೆಗೆ ನನ್ನವರೇ ಆರಾಮ ಕುರ್ಚಿ ಎಳೆದು ತಂದರು. ಗುಲಾಬಿ ನನ್ನನ್ನು ಅದರಲ್ಲಿ ಕೂತದ್ದೂ ಅಲ್ಲ, ಮಲಗಿದ್ದೂ ಅಲ್ಲ ಎಂಬಂತೆ ಓರೆಯಾಗಿ ಒರಗಿಸಿ ಭುಜ ಅದುಮಿ ಹಿಡಿದಳು. ಬಹಳ ಹೊತ್ತಿನ ಮೇಲೆ ಎದೆ ತಾನಾಗಿ ಸುಮ್ಮನಾಯಿತು. “ನಿಮ್ದು ಸರಿ ಆಯ್ತು,” ಎಂದು ಗುಲಾಬಿ ಹೊರಗೆ ನೋಡಿದಳು. “ನನ್ನ ಬಂಗಡೆ ಬೆಕ್ಕಿನ ಪಾಲಾಯ್ತು.”

ಇನ್ನು ಬಿಡುವುದಿಲ್ಲ, ಆದದ್ದನ್ನು ಆದಂತೆ ಹೇಳಿ, ಮುಂದಿನ ಸಲ ಏನು ಮಾಡಲಿ ಎಂದು ಕೇಳಿಯೇ ಬರುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಹೊರಟೆ. ತಲೆ ತಿರುಗಿತು ಎನ್ನುತ್ತಲೇ ಕಾರವಾರದವರು ಕನ್ನಡಕದ ಮೇಲಿಂದ ನೋಡಿ, “ಕೂಡಲೇ ಮಲಗಿದಿರಿ ತಾನೆ?” ಎಂದರು. ಬಾಯಿ ತಾನಾಗಿಯೇ “ಹೌದು ಸರ್” ಎಂದಿತು. ಗುಳಿಗೆ ನುಂಗಿದೆ ಎನ್ನುತ್ತಲೇ ಅಂಕೋಲೆಯವರು, “ನೆಟ್ಟಗೆ ಕೂತೇ ಇದ್ದಿರಿ ತಾನೆ?” ಎಂದರು. “ಹೌದು ಸರ್.” ಇಬ್ಬರೂ ಶಹಭಾಸ್ ಎಂದರು. ಹೇಳಿದ್ದನ್ನು ಪಾಲಿಸದ ರೋಗಿಗಳಿಗೆ ಬುದ್ಧಿ ಹೇಳುವಾಗ ಈಗ ಎರಡೂ ಊರಿನಲ್ಲಿ ನನ್ನ ಉದಾಹರಣೆ ಕೊಡುತ್ತಾರಂತೆ. ಮುಂದಿನ ಸಲ ಏನು ಮಾಡಬೇಕೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಗೊತ್ತಿರಬಹುದಾಗಿದ್ದ ಇಬ್ಬರಿಗೂ ಸುಳ್ಳು ಹೇಳಿ ಬಂದಿದ್ದೇನಲ್ಲ.